ಎಂಜಿಬಿ ಕಾರಿನ ಪುನರುಜ್ಜೀವನ ಮತ್ತು ನಿರ್ವಹಣೆ: ತುಕ್ಕು ತೆಗೆಯುವುದರಿಂದ ಟ್ಯೂನಿಂಗ್‌ವರೆಗೆ

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಕಾರು. ತೆರೆದ ಮೈಯ ರೋಡ್‌ಸ್ಟರ್ ಮತ್ತು ಗಟ್ಟಿ ಛಾವಣಿಯ ಜಿಟಿ ಎರಡೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದದ್ದರಿಂದ ಬಿಡಿಭಾಗಗಳಿಗೆ ಇವತ್ತಿಗೂ ಬರವಿಲ್ಲ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಇಡೀ ಬಾಡಿಶೆಲ್ಲನ್ನೇ ಹೊಸದಾಗಿ ತಯಾರಿಸುತ್ತಿದೆ. ಎಂಜಿನ್ ಸರಳ, 1798 ಸಿಸಿಯ ಬಿ-ಸೀರೀಸ್. ಕೈಯಲ್ಲಿ ಪಾನ (ಸ್ಪ್ಯಾನರ್) ಹಿಡಿದು ಹಳೆಯ ಕಾರಿನ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆದರೂ ಅರ್ಧಕ್ಕೆ ನಿಂತ ಎಂಜಿಬಿಗಳು ಬೇಕಾದಷ್ಟಿವೆ. ಎಂಜಿನ್ ಕೆಟ್ಟು ನಿಂತವು ಕಡಿಮೆ. ಕೆಲಸದ ಕ್ರಮ ತಪ್ಪಿ ನಿಂತವೇ ಹೆಚ್ಚು. ಬಣ್ಣ ಹೊಡೆದಾದ ಮೇಲೆ ಬಾಗಿಲ ಕೆಳಗಿನ ಸಿಲ್ ತೂತಾಗಿದೆ ಎಂದು ಗೊತ್ತಾಗುತ್ತದೆ, ಅಥವಾ ಇಗ್ನಿಷನ್ ಸರಿಮಾಡದೆ ಕಾರ್ಬುರೇಟರ್ ತಿರುವುತ್ತಾ ತಿಂಗಳುಗಳು ಕಳೆಯುತ್ತವೆ. ಆದ್ದರಿಂದ ಇಲ್ಲಿ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಕೊಟ್ಟಿದ್ದೇವೆ: ಮೊದಲು ಬಾಡಿ, ಆಮೇಲೆ ಬ್ರೇಕ್ ಮತ್ತು ಸಸ್ಪೆನ್ಷನ್, ನಂತರ ಎಂಜಿನ್, ಕೊನೆಗೆ ಟ್ಯೂನಿಂಗ್.

ಪಾನ ಹಿಡಿಯುವ ಮುನ್ನ

ಈ ಕಾರಿನ ಬೋಲ್ಟುಗಳು ಬಹುಮಟ್ಟಿಗೆ ಯುಎನ್‌ಎಫ್ (ಇಂಚು ಅಳತೆಯ ಸಣ್ಣ) ಮರೆಯವು. 7/16, 1/2, 9/16, 5/8, 11/16, 3/4 ಇಂಚಿನ ಎಎಫ್ (ನಟ್ಟಿನ ಎದುರುಬದುರು ಮುಖಗಳ ನಡುವಿನ ಅಳತೆಯ) ಪಾನಗಳು ಬೇಕು. 1/2 ಇಂಚಿನ ನಟ್ಟಿಗೆ 13 ಮಿ.ಮೀ. ಪಾನ ಕೂತಂತೆ ಕಾಣುತ್ತದೆ. ನಟ್ಟು ಬಿಗಿಯಾಗಿದ್ದರೆ ಮೂಲೆ ಸವೆದು ದುಂಡಗಾಗುವುದು ಖಂಡಿತ. ಟಾರ್ಕ್ ರೆಂಚ್, ಇಂಚಿನ ಅಳತೆಯ ಫೀಲರ್ ಗೇಜ್, ಡಯಲ್ ಗೇಜ್, ಟೈಮಿಂಗ್ ಲೈಟ್, ಮಲ್ಟಿಮೀಟರ್, ಗ್ರೀಸ್ ಗನ್, ನಾಲ್ಕು ಒಳ್ಳೆಯ ಆಕ್ಸಲ್ ಸ್ಟ್ಯಾಂಡ್ ಇದ್ದರೆ ಬಹುತೇಕ ಕೆಲಸ ಆಗುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಕಾರು ಯಾವ ವರ್ಷದ್ದು ಎನ್ನುವುದಕ್ಕಿಂತ ಅದರಲ್ಲಿ ಈಗ ಯಾವ ಎಂಜಿನ್ ಇದೆ ಎನ್ನುವುದು ಮುಖ್ಯ. ಬ್ಲಾಕ್ ಮೇಲಿನ ತಗಡಿನ ಪಟ್ಟಿಯಲ್ಲಿ 18ಜಿ, 18ಜಿಎ, 18ಜಿಬಿ, 18ವಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. 1964ರ ಕೊನೆಗೆ ಬಂದ 18ಜಿಬಿಯಿಂದ ಕ್ರ್ಯಾಂಕ್‌ಶಾಫ್ಟ್‌ಗೆ ಐದು ಮೇನ್ ಬೇರಿಂಗ್. ಅದಕ್ಕೆ ಮುಂಚಿನವಕ್ಕೆ ಮೂರೇ. ಟೈಮಿಂಗ್, ಗ್ಯಾಸ್ಕೆಟ್, ಸೀಲ್ ಎಲ್ಲವೂ ಈ ಸಂಖ್ಯೆಯ ಮೇಲೆ ನಿಂತಿವೆ. ಕಾರು ಕಾರ್ಖಾನೆಯಿಂದ ಹೊರಟಾಗ ಯಾವ ಬಣ್ಣ, ಯಾವ ಎಂಜಿನ್ ಇತ್ತು ಎಂದು ತಿಳಿಯಬೇಕಾದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಹಳೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ.

ಇನ್ನೊಂದು ಎಚ್ಚರಿಕೆ. 1967ರ ಕೊನೆಯಲ್ಲಿ ಮಾರ್ಕ್ 2 ಬರುವವರೆಗೆ ಕಾರುಗಳು ಪಾಸಿಟಿವ್ ಅರ್ತ್ ಆಗಿದ್ದವು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿತ್ತು. ಬ್ಯಾಟರಿ ಜೋಡಿಸುವ ಮುನ್ನ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ನಡುವೆ ಯಾರಾದರೂ ಬದಲಾಯಿಸಿರಲೂಬಹುದು. ಆಲ್ಟರ್ನೇಟರ್ ಅಥವಾ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿಗೆ ತಲೆಕೆಳಗಾಗಿ ಬ್ಯಾಟರಿ ಕೊಟ್ಟರೆ ಒಂದೇ ಕ್ಷಣಕ್ಕೆ ಅವು ಸುಟ್ಟುಹೋಗುತ್ತವೆ.

ತುಕ್ಕು ಎಲ್ಲಿ ಅಡಗಿರುತ್ತದೆ

ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ರೋಡ್‌ಸ್ಟರ್‌ಗೆ ಛಾವಣಿಯೂ ಇಲ್ಲದ್ದರಿಂದ ಬಾಗಿಲ ಕೆಳಗಿನ ಸಿಲ್‌ಗಳೇ ಅದರ ಬೆನ್ನುಮೂಳೆ. ಹೊರಗೆ ಕಾಣುವ ತಗಡು ಸಿಲ್‌ನ ಒಂದು ಪದರ ಮಾತ್ರ. ಒಳಗೆ ಅಡ್ಡಗೋಡೆಯಂತಿರುವ ಮೆಂಬ್ರೇನ್, ಅದರಾಚೆ ಒಳಸಿಲ್, ಇವನ್ನೆಲ್ಲ ಕೆಳಗಿನಿಂದ ಹಿಡಿದಿರುವ ಕ್ಯಾಸಲ್ ರೈಲ್ ಇವೆ. ಹೊರಸಿಲ್ ಬಾಗಿಲಿನ ಉದ್ದಕ್ಕೆ ಮುಗಿಯುವುದಿಲ್ಲ. ಮುಂದಿನ ಮಡ್ಗಾರ್ಡಿನ ಒಳಗೂ ಹಿಂದಿನ ಮಡ್ಗಾರ್ಡಿನ ಒಳಗೂ ಹೋಗುತ್ತದೆ. ಕೆಟ್ಟ ಸಿಲ್ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆದಿದ್ದರೆ ಅದನ್ನು ದುರಸ್ತಿ ಎನ್ನಲಾಗದು. ಒಳಗಿನ ತುಕ್ಕು ಮುಂದುವರಿದೇ ಇರುತ್ತದೆ.

ಪರೀಕ್ಷೆ ಸುಲಭ. ಬಾಗಿಲ ಹಿಂದಿನ ಅಂಚಿನ ಸಂದನ್ನು ಮೇಲೂ ಕೆಳಗೂ ಅಳೆದು ಬರೆದುಕೊಳ್ಳಿ. ಜಾಕಿಂಗ್ ಪಾಯಿಂಟ್‌ನ ಬಳಿ ಕಾರನ್ನು ನಿಧಾನವಾಗಿ ಎತ್ತಿ ಮತ್ತೆ ಅಳೆಯಿರಿ. ಸಂದು ಬದಲಾದರೆ, ಬಾಗಿಲು ತೆಗೆಯಲು ಬಿಗಿಯಾದರೆ, ಸಿಲ್ ಬಲ ಕಳೆದುಕೊಂಡಿದೆ. ಜಾಕಿಂಗ್ ಪಾಯಿಂಟೇ ಒಳಗೆ ಕುಸಿಯುವಂತಿದ್ದರೆ ಅಳೆಯುವ ಅಗತ್ಯವೂ ಇಲ್ಲ.

ಆಮೇಲೆ ಈ ಜಾಗಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ: ಮುಂದಿನ ಚಕ್ರದ ಹಿಂಭಾಗದಲ್ಲಿ ಕೆಸರು ಕೂಡುವ ಬಾಕ್ಸ್ ಭಾಗ, ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಹ್ಯಾಂಗರ್, ಸೀಟಿನ ಹಿಂದಿರುವ ಬ್ಯಾಟರಿ ಪೆಟ್ಟಿಗೆಗಳು, ಬಾಗಿಲುಗಳ ಕೆಳಅಂಚು, ಮುಂದಿನ ಮಡ್ಗಾರ್ಡಿನ ಮೇಲ್ಭಾಗದ ಸೇರುವೆ. ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯನ್ನು ಯಾರೂ ನೋಡುವುದಿಲ್ಲ. ಟ್ಯಾಂಕಿಗೂ ಡಿಕ್ಕಿಯ ತಳಕ್ಕೂ ನಡುವೆ ಮಣ್ಣು ಸಿಕ್ಕಿ, ತೇವ ಹಿಡಿದು, ಟ್ಯಾಂಕ್ ಮೇಲಿನಿಂದ ತೂತಾಗುತ್ತದೆ. ಟ್ಯಾಂಕ್ ತುಂಬಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬಂದರೆ ಕಾರಣ ಸಾಮಾನ್ಯವಾಗಿ ಇದೇ.

ಕಾಲಡಿ ಕಾರ್ಪೆಟ್ ಒದ್ದೆಯಾಗುತ್ತಿದ್ದರೆ ಮೊದಲೇ ಹುಡ್ (ಮಡಚುವ ಬಟ್ಟೆಯ ಹೊದಿಕೆ) ಮೇಲೆ ಸಂಶಯಪಡಬೇಡಿ. ವಿಂಡ್‌ಸ್ಕ್ರೀನ್ ಮುಂದಿನ ಗಾಳಿ ಜಾಲರಿಯಿಂದ ಒಳಬಂದ ನೀರು ಒಂದು ರಬ್ಬರ್ ಕೊಳವೆಯ ಮೂಲಕ ಗೇರ್‌ಬಾಕ್ಸ್ ಟನಲ್ ಕಡೆಗೆ ಇಳಿದು ಹೋಗಬೇಕು. ಎಲೆ, ಕಸ ತುಂಬಿ ಆ ಕೊಳವೆ ಕಟ್ಟಿಕೊಂಡರೆ ನೀರು ಮೇಲೆಯೇ ನಿಂತು ಹೀಟರ್ ದಾರಿಯಾಗಿ ಒಳಗೆ ಸುರಿಯುತ್ತದೆ. ವರ್ಷಕ್ಕೊಮ್ಮೆ ಕೆಳಗಿನಿಂದ ಅದನ್ನು ಶುಚಿಮಾಡಿದರೆ ನೆಲದ ತಗಡು ಉಳಿಯುತ್ತದೆ.

ಸಿಲ್ ಬದಲಿಸುವುದು

ಇಡೀ ಪುನರುಜ್ಜೀವನದಲ್ಲಿ ಹೆಚ್ಚು ತಾಳ್ಮೆ ಬೇಡುವ ಕೆಲಸ ಇದು. ಇಲ್ಲಿ ತಪ್ಪಿದರೆ ಬಾಡಿ ಬಾಗುತ್ತದೆ, ಬಾಗಿದ ಬಾಡಿಯನ್ನು ನೇರ ಮಾಡುವುದು ಅಸಾಧ್ಯಕ್ಕೆ ಹತ್ತಿರ.

1. ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಕಾರ್ಪೆಟ್, ಸೀಟು, ಹತ್ತಿರದ ವೈರಿಂಗ್ ಎಲ್ಲ ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

2. ಕಾರು ತನ್ನ ಸಹಜ ಭಾರದಲ್ಲಿ ಕೂರಬೇಕು. ಮುಂದೆ ಕ್ರಾಸ್‌ಮೆಂಬರ್ ಕೆಳಗೆ, ಹಿಂದೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ನಾಲ್ಕೂ ಕಡೆ ಮಟ್ಟ ನೋಡಿ. ನಡುವೆ ಮಾತ್ರ ಎತ್ತಿದರೆ ಎರಡು ತುದಿಗಳೂ ಜೋತುಬೀಳುತ್ತವೆ.

3. ಬಾಗಿಲ ತೆರಪಿಗೆ ಚೌಕ ಕೊಳವೆಯಿಂದ ಅಡ್ಡಕಂಬಿ ಬೆಸೆಯಿರಿ, ಹಿಂಜಿನ ಕಂಬದಿಂದ ಲಾಕಿನ ಕಂಬಕ್ಕೆ. ಬಾಗಿಲು ಮುಚ್ಚಲು ಅಡ್ಡಬಾರದಂತೆ ಕಂಬಿ ಒಳಭಾಗದಲ್ಲಿರಲಿ. ಬೆಸೆಯುತ್ತಾ ಹೋದಂತೆ ಬಾಗಿಲು ಹಾಕಿ ಸಂದು ನೋಡುತ್ತಿರಬೇಕು, ಅದಕ್ಕಾಗಿ.

4. ಒಮ್ಮೆಗೆ ಒಂದು ಬದಿ ಮಾತ್ರ. ಎರಡೂ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಬೇಡಿ.

5. ಮುಂದಿನ ಮಡ್ಗಾರ್ಡ್ ಬೋಲ್ಟಿನದು, ಬಿಚ್ಚಿ ತೆಗೆಯಿರಿ. ಹಿಂದಿನದನ್ನು ಬಾಡಿಗೇ ಬೆಸೆದಿರುತ್ತಾರೆ. ಅದರ ಕೆಳತುದಿಯನ್ನು ಕತ್ತರಿಸಿದರೆ ಮಾತ್ರ ಸಿಲ್‌ನ ಹಿಂತುದಿ ಸಿಗುತ್ತದೆ. ಆ ತುಣುಕಿಗೆ ರಿಪೇರಿ ತಗಡು ಸಿದ್ಧವಾಗಿ ದೊರೆಯುತ್ತದೆ.

6. ಹೊರಸಿಲ್ ತೆಗೆದ ಮೇಲೆ ಒಳಗಿನದನ್ನು ನೋಡಿ ನಿರ್ಧರಿಸಿ. ಮೆಂಬ್ರೇನ್ ಮತ್ತು ಕ್ಯಾಸಲ್ ರೈಲ್ ತೆಳುವಾಗಿದ್ದರೆ ಈಗಲೇ ಬದಲಿಸಿ, ಮತ್ತೊಮ್ಮೆ ಇಲ್ಲಿಗೆ ಬರುವ ಅವಕಾಶ ಸಿಗದು.

7. ಬೆಸೆಯುವ ಅಂಚುಗಳಿಗೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹಚ್ಚಿ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆ, ಹೊಸ ತಗಡಿಗೆ 25ರಿಂದ 30 ಮಿ.ಮೀ.ಗೊಂದರಂತೆ 6 ಮಿ.ಮೀ. ತೂತು ಕೊರೆದು ಮಿಗ್ ವೆಲ್ಡರಿನಲ್ಲಿ ಆ ತೂತು ತುಂಬುವಂತೆ ಪ್ಲಗ್ ವೆಲ್ಡ್ ಮಾಡಿ. ಕ್ಲ್ಯಾಂಪಿನಲ್ಲಿ ಎಲ್ಲ ತಗಡನ್ನೂ ಹಿಡಿಸಿ, ಬಾಗಿಲು ಮತ್ತು ಮಡ್ಗಾರ್ಡ್ ತಾತ್ಕಾಲಿಕವಾಗಿ ಕೂರಿಸಿ, ಸಂದು ಸರಿಯಿದೆ ಎಂದ ಮೇಲೆಯೇ ಮೊದಲ ವೆಲ್ಡ್.

8. ಒಂದು ತುದಿಯಿಂದ ಇನ್ನೊಂದಕ್ಕೆ ಸಾಲಾಗಿ ಬೆಸೆಯಬೇಡಿ. ಕಾವಿಗೆ ತಗಡು ಸೊಟ್ಟಗಾಗುತ್ತದೆ. ಮುಂದೊಂದು, ಹಿಂದೊಂದು, ನಡುವೊಂದು ಎಂದು ಜಿಗಿಯುತ್ತಾ ಹೋಗಿ, ತಣಿಯಲು ಬಿಡಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಸಿಲ್‌ನ ಎರಡೂ ಕೋಣೆಗಳಿಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಮೆಂಬ್ರೇನಿನ ಒಂದೇ ಬದಿಗೆ ಬಿದ್ದರೆ ಅರ್ಧ ಕೆಲಸ. ವ್ಯಾಕ್ಸ್ ಡಬ್ಬವನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿದರೆ ಸಂದುಗಳಿಗೆ ಇಳಿಯುತ್ತದೆ. ಕೆಳಗಿನ ನೀರಿಳಿಯುವ ತೂತುಗಳನ್ನು ಆಮೇಲೆ ತಂತಿಯಿಂದ ಬಿಡಿಸುವುದನ್ನು ಮರೆಯಬೇಡಿ.

ಬಣ್ಣದ ಬಗ್ಗೆ ಒಂದೇ ಮಾತು: ಟೂ-ಪ್ಯಾಕ್ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಅದಕ್ಕೆ ಹೊರಗಿನಿಂದ ಗಾಳಿ ಒದಗಿಸುವ ಮುಖವಾಡವೇ ಬೇಕು. ಆ ಸೌಕರ್ಯ ಇಲ್ಲದಿದ್ದರೆ ಪೇಂಟ್ ಬೂತ್ ಇರುವವರಿಗೆ ಕೊಡಿ.

ಬ್ರೇಕ್ ಮತ್ತು ಕ್ಲಚ್

ಮುಂದೆ 10.75 ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್. ವರ್ಷಗಟ್ಟಲೆ ನಿಂತ ಕಾರಿನಲ್ಲಿ ರಬ್ಬರ್ ಇರುವ ಎಲ್ಲವನ್ನೂ ಬದಲಿಸಿ. ಫ್ಲೆಕ್ಸಿಬಲ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಆಗ ಪೆಡಲ್ ಒತ್ತಿದರೆ ಫ್ಲೂಯಿಡ್ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಇದನ್ನು ಕ್ಯಾಲಿಪರ್ ದೋಷ ಎಂದುಕೊಂಡು ಕ್ಯಾಲಿಪರ್ ಬದಲಿಸುವವರು ತುಂಬ ಜನ. ಬ್ಲೀಡ್ ನಿಪ್ಪಲ್ ತೆರೆದ ಕೂಡಲೇ ಚಕ್ರ ಸಡಿಲವಾದರೆ ಒತ್ತಡ ಪೈಪಿನಲ್ಲೇ ಸಿಕ್ಕಿಕೊಂಡಿತ್ತು ಎಂದರ್ಥ, ಮೊದಲು ಹೋಸ್ ನೋಡಿ. ತೆರೆದರೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ತುಕ್ಕುಹಿಡಿದಿದೆ. ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ಪಿಸ್ಟನ್ ಹಾಕಿದರೆ ಮತ್ತೆ ಆ ತೊಂದರೆ ಬಾರದು.

ಉಕ್ಕಿನ ಹಳೆಯ ಪೈಪುಗಳ ಜಾಗಕ್ಕೆ 3/16 ಇಂಚಿನ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿ. ಫ್ಲೂಯಿಡ್ ಡಾಟ್ 4, ಎರಡು ವರ್ಷಕ್ಕೊಮ್ಮೆ ಬದಲು. ಅತಿ ಉದ್ದದ ಪೈಪಿನ ಚಕ್ರದಿಂದ ಬ್ಲೀಡಿಂಗ್ ಶುರು. ಹಿಂದಿನ ಡ್ರಮ್ಮುಗಳಲ್ಲಿ ಚೌಕ ತಲೆಯ ಅಡ್ಜಸ್ಟರ್ ಇದೆ: ಚಕ್ರ ನಿಲ್ಲುವವರೆಗೆ ಬಿಗಿಮಾಡಿ, ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಹ್ಯಾಂಡ್‌ಬ್ರೇಕ್ ಕೇಬಲನ್ನು ಅದಾದ ಮೇಲೆಯೇ ಎಳೆಯಬೇಕು. ಹಳೆಯ ಬ್ರೇಕ್ ಶೂ, ಪ್ಯಾಡುಗಳಲ್ಲಿ ಕಲ್ನಾರು ಇದ್ದಿರಬಹುದು; ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಕಟ್ಟಿ ಎಸೆಯಿರಿ.

ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಮೊದಲ ಗೇರ್ ಕಿರುಗುಟ್ಟುತ್ತದೆ ಎಂದಾಗ ಎಂಜಿನ್ ಇಳಿಸುವ ಮುನ್ನ ಪೆಡಲನ್ನು ಮಾಸ್ಟರ್ ಸಿಲಿಂಡರ್ ಕಡ್ಡಿಗೆ ಸೇರಿಸುವ ಕ್ಲೆವಿಸ್ ಪಿನ್ ನೋಡಿ. ಪಿನ್ ಸವೆದು, ಪೆಡಲಿನ ತೂತು ಮೊಟ್ಟೆಯಾಕಾರವಾಗಿರುತ್ತದೆ. ಅಲ್ಲಿ ಒಂದೆರಡು ಮಿ.ಮೀ. ಕಳೆದರೂ ಕೆಳಗೆ ಕ್ಲಚ್ ಬಿಡುವಷ್ಟು ಚಲನೆ ಉಳಿಯುವುದಿಲ್ಲ. ತೂತನ್ನು ವೆಲ್ಡ್ ತುಂಬಿ ಮತ್ತೆ ಕೊರೆದು ಹೊಸ ಪಿನ್ ಹಾಕಿದರೆ ಮುಗಿಯಿತು. ಮಾಸ್ಟರ್ ಸಿಲಿಂಡರ್ ಸೋರಿದರೆ ಕೆಳಗಿನ ಸ್ಲೇವ್ ಸಿಲಿಂಡರನ್ನೂ ಜೊತೆಗೇ ಬದಲಿಸಿ. ಹೊಸದರ ಒತ್ತಡಕ್ಕೆ ಹಳೆಯ ಸೀಲ್ ಹೆಚ್ಚು ದಿನ ನಿಲ್ಲದು.

ಮುಂದಿನ ಚಕ್ರಗಳ ಸುತ್ತ

ಮುಂದಿನ ಚಕ್ರ ಸ್ಟಿಯರಿಂಗಿಗೆ ತಕ್ಕಂತೆ ಹೊರಳುವ ಕಂಬವಾದ ಕಿಂಗ್‌ಪಿನ್ ಎಂಜಿಬಿಯಲ್ಲಿ ಗ್ರೀಸಿನಿಂದಲೇ ಬದುಕುತ್ತದೆ. ಒಂದೊಂದು ಬದಿಗೆ ಮೂರು ನಿಪ್ಪಲ್. 3000 ಮೈಲಿಗೊಮ್ಮೆ, ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ, ಹೊಸ ಗ್ರೀಸ್ ಹೊರಬರುವವರೆಗೆ ತುಂಬಬೇಕು. ಚಕ್ರವನ್ನು ನೆಲದಿಂದ ಎತ್ತಿ ಮಾಡಿ. ಭಾರ ಕೂತಿದ್ದರೆ ಗ್ರೀಸ್ ಹೋಗಬೇಕಾದ ಕಡೆ ಹೋಗುವುದಿಲ್ಲ. ನಿಪ್ಪಲ್ ಗ್ರೀಸ್ ತೆಗೆದುಕೊಳ್ಳದಿದ್ದರೆ ಬಿಚ್ಚಿ ಶುಚಿಮಾಡಿ, ಸುಮ್ಮನೆ ಮುಂದೆ ಹೋಗಬೇಡಿ.

ಚಕ್ರದಲ್ಲಿ ಆಟ ಇದೆಯೇ ಎಂದು ನೋಡಲು ಅದನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್‌ಪಿನ್ ಅಥವಾ ಅದರ ಕೆಳಗಿನ ಫಲ್ಕ್ರಮ್ ಪಿನ್.

ಬೇರಿಂಗ್ ಜೋಡಣೆಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ಆದರೆ ಅಪಾಯಕಾರಿ. ಎರಡು ಟೇಪರ್ ಬೇರಿಂಗುಗಳ ನಡುವೆ ಒಂದು ಸ್ಪೇಸರ್ ಕೊಳವೆ ಮತ್ತು ತೆಳುವಾದ ಶಿಮ್ಮುಗಳಿರುತ್ತವೆ. ಬೇರೆ ಕಾರುಗಳಲ್ಲಿ ಇಲ್ಲವಲ್ಲ ಎಂದು ಅವನ್ನು ಬಿಸಾಡಿ, ನಟ್ಟನ್ನು ಅಂದಾಜಿಗೆ ಬಿಗಿದುಬಿಡುತ್ತಾರೆ. ಆ ಕೊಳವೆ ಇದ್ದಾಗ ಮಾತ್ರ ನಟ್ಟನ್ನು ಪೂರ್ತಿ ಟಾರ್ಕಿಗೆ ಬಿಗಿಯಬಹುದು, ಸ್ಟಬ್ ಆಕ್ಸಲ್ಲಿಗೆ ಬಲ ಬರುವುದೂ ಆಗಲೇ. ಸರಿಯಾದ ವಿಧಾನ: ಹೆಚ್ಚೇ ಅನ್ನುವಷ್ಟು ಶಿಮ್ ಹಾಕಿ ಜೋಡಿಸಿ, ನಟ್ಟನ್ನು ಬಿಗಿಯಿರಿ, ಹಬ್ಬಿನ ಮುಂದೆ-ಹಿಂದಿನ ಆಟವನ್ನು ಡಯಲ್ ಗೇಜಿನಲ್ಲಿ ಅಳೆಯಿರಿ. ಬೇಕಾದದ್ದು 0.002ರಿಂದ 0.004 ಇಂಚು. 0.011 ಬಂದರೆ ಬಿಚ್ಚಿ 0.008 ಇಂಚಿನಷ್ಟು ಶಿಮ್ ತೆಗೆಯಿರಿ, ಉಳಿಯುವುದು 0.003. ನಟ್ಟಿನ ಟಾರ್ಕ್ 40ರಿಂದ 70 ಪೌಂಡ್-ಅಡಿ. 40ಕ್ಕೆ ಬಿಗಿದು ಸ್ಪ್ಲಿಟ್ ಪಿನ್ನಿನ ತೂತು ಎದುರಾಗುವವರೆಗೆ ಮುಂದಕ್ಕೆ ಮಾತ್ರ ತಿರುಗಿಸಿ, ಹಿಂದಕ್ಕೆ ಬೇಡ.

ಲಿವರ್ ಆರ್ಮ್ ಡ್ಯಾಂಪರಿನ ತೋಳೇ ಮೇಲಿನ ವಿಶ್‌ಬೋನ್ ಕೂಡ. ಶಾಫ್ಟಿನ ಬಳಿ ಎಣ್ಣೆ ಸೋರಿದ್ದರೆ ರೀಕಂಡಿಷನ್ ಆದದ್ದನ್ನು ತನ್ನಿ. ಮನೆಯಲ್ಲಿ ದುರಸ್ತಿ ಮಾಡುವಂಥದ್ದಲ್ಲ. ಎಣ್ಣೆ ತುಂಬುವ ಮುನ್ನ ಮುಚ್ಚಳದ ಸುತ್ತ ಚೆನ್ನಾಗಿ ಉಜ್ಜಿ ತೊಳೆಯಿರಿ, ಒಂದು ಕಾಳು ಮರಳು ಒಳಗಿನ ವಾಲ್ವನ್ನು ಕೆಡಿಸುತ್ತದೆ. ಕೆಳಗಿನ ವಿಶ್‌ಬೋನಿಗೆ ಮೂಲ ರಬ್ಬರ್ ಬುಷ್ ಬದಲು ಎಂಜಿಬಿ ಜಿಟಿ ವಿ8ರ ಲೋಹದ ತೋಳಿರುವ ಬುಷ್ ಹಾಕಿ. ಅಳತೆ ಅದೇ, ಬಾಳಿಕೆ ಬಹಳ ಹೆಚ್ಚು, ಸವಾರಿಯೂ ಒರಟಾಗುವುದಿಲ್ಲ. ಅಂತಿಮವಾಗಿ ಬಿಗಿಯುವುದು ಕಾರು ಚಕ್ರದ ಮೇಲೆ ನಿಂತ ಮೇಲೆ. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ವೈರ್ ವೀಲ್ ಇರುವ ಕಾರಿನಲ್ಲಿ ಹಬ್ಬಿನ ಸ್ಪ್ಲೈನ್ ಹಲ್ಲುಗಳ ತುದಿ ಚಪ್ಪಟೆಯಾಗಿರಬೇಕು. ಗರಗಸದಂತೆ ಚೂಪಾಗಿದ್ದರೆ ಚಕ್ರ, ಹಬ್ ಎರಡೂ ಹೋಗಿವೆ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ತಿಂದುಹಾಕುತ್ತದೆ. ಕಾರಿನ ಎಡಬದಿಯ ಹಬ್ಬಿಗೆ ಬಲಮರೆ, ಬಲಬದಿಯದಕ್ಕೆ ಎಡಮರೆ. ಅದಲುಬದಲು ಹಾಕಿದರೆ ಓಡುವಾಗ ಸ್ಪಿನ್ನರ್ ತಾನಾಗಿ ಬಿಚ್ಚಿಕೊಂಡು ಚಕ್ರ ಕಳಚುತ್ತದೆ. ಹಿಂದಿನ ಆಕ್ಸಲ್ ಬೇರೆ ಕಾರಿನಿಂದ ಬಂದದ್ದಾದರೆ ಇದನ್ನು ಖಾತರಿಪಡಿಸಿಕೊಳ್ಳದೆ ಹೊರಡಬೇಡಿ.

ಎಂಜಿನ್: ಬಿಚ್ಚಬೇಕೇ ಎಂದು ಮೊದಲು ತೀರ್ಮಾನಿಸಿ

ಬಹಳ ಕಾಲ ನಿಂತ ಎಂಜಿನ್ನಿಗೆ ನೇರವಾಗಿ ಕೀಲಿ ತಿರುಗಿಸಬೇಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ನಾಲ್ಕನೇ ಗೇರಿನಲ್ಲಿ ಕಾರನ್ನು ಮೆಲ್ಲನೆ ತಳ್ಳಿ ತಿರುಗುತ್ತದೆಯೇ ನೋಡಿ. ಹೊಸ ಆಯಿಲ್, ಫಿಲ್ಟರ್ ಹಾಕಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್‌ನಿಂದ ತಿರುಗಿಸಿ, ಗೇಜಿನಲ್ಲಿ ಒತ್ತಡ ಕಂಡ ಮೇಲೆ ಪ್ಲಗ್ ಹಾಕಿ. ಒತ್ತಡ ಬರಲೇ ಇಲ್ಲವಾದರೆ ಆಯಿಲ್ ಪಂಪ್ ಒಣಗಿ ಎಳೆಯುತ್ತಿಲ್ಲ; ಪೈಪ್ ಬಿಚ್ಚಿ ಪಂಪಿನ ಕಡೆಗೆ ಆಯಿಲ್ ಸುರಿಯಿರಿ. ಎಂಜಿನ್ ಹೊಸದಾಗಿ ಕಟ್ಟುವಾಗ ಪಂಪಿನೊಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿದರೆ ಈ ಸಮಸ್ಯೆಯೇ ಇಲ್ಲ.

ಬಿಸಿಯಾದ ಎಂಜಿನ್ನಿನಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ಒತ್ತಡ ಇರಬೇಕು. ಕಂಪ್ರೆಷನ್ ನಾಲ್ಕರಲ್ಲೂ ಹತ್ತಿರ ಹತ್ತಿರ ಇರುವುದು ಮುಖ್ಯ, ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಎರಡೂ ಅಂಕಿಗಳು ಚೆನ್ನಾಗಿದ್ದರೆ ಎಂಜಿನ್ನನ್ನು ಅದರ ಪಾಡಿಗೆ ಬಿಡಿ. ಆಯಿಲ್ ಸ್ವಲ್ಪ ತೊಟ್ಟಿಕ್ಕುವುದು ಬಿಚ್ಚಲು ಕಾರಣವಲ್ಲ. ಮೂರು ಬೇರಿಂಗಿನ ಎಂಜಿನ್ನಿನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ಹಿಂದಕ್ಕೆ ಎಳೆಯುವ ಸುರುಳಿ ಗೆರೆ ಮಾತ್ರ ಇದೆ.

ಇಳಿಸಲೇಬೇಕಾದರೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತುವುದು ಸುಲಭ. ಎತ್ತಿದ ಮೇಲೆ ಕ್ಲಚ್, ಕಾರ್ಬನ್ ರಿಲೀಸ್ ಬೇರಿಂಗ್, ಹಿಂದಿನ ಸೀಲ್ ಬದಲಿಸದೆ ವಾಪಸು ಇಳಿಸಬೇಡಿ. ಹೆಡ್ ಬಿಚ್ಚಿದಾಗ ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಪರೀಕ್ಷೆ ಮಾಡಿಸಿ, ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟು ಕೂರಿಸಿ. ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ಸೀಟು ಸವೆದು ವಾಲ್ವ್ ಒಳಗೆ ಕೂರುತ್ತಾ ಹೋಗುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ತಾನಾಗಿ ಕಡಿಮೆಯಾಗುತ್ತಿರುವುದೇ ಅದರ ಲಕ್ಷಣ.

ಆಯಿಲ್ 20ಡಬ್ಲ್ಯು-50, ಫಿಲ್ಟರ್ ಸೇರಿ ಸುಮಾರು 4.25 ಲೀಟರ್, 3000 ಮೈಲಿಗೆ ಅಥವಾ ವರ್ಷಕ್ಕೊಮ್ಮೆ. ಚಪ್ಪಟೆ ಟ್ಯಾಪೆಟ್ ಕ್ಯಾಮ್‌ಶಾಫ್ಟಿನ ಮೇಲೆ ಜಾರುವುದರಿಂದ ಸತು-ರಂಜಕದ ಸಂಯುಕ್ತ ಸಾಕಷ್ಟಿರುವ ಕ್ಲಾಸಿಕ್ ಆಯಿಲೇ ಬೇಕು. ಕಾಗದದ ಎಲಿಮೆಂಟ್ ಇರುವ ಹಳೆಯ ಫಿಲ್ಟರಿನಲ್ಲಿ ಮೇಲಿನ ತೋಡಿನ ರಬ್ಬರ್ ರಿಂಗನ್ನು ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಹಳೆಯದರ ಮೇಲೆ ಹೊಸದು ಕೂತರೆ ಎಂಜಿನ್ ಚಾಲೂ ಆದ ಕೂಡಲೇ ಆಯಿಲ್ ನೆಲಕ್ಕೆ.

ಗೇರ್‌ಬಾಕ್ಸಿಗೂ ಎಂಜಿನ್ ಆಯಿಲೇ. ಗೇರ್‌ಬಾಕ್ಸಿನ ಹಿಂದೆ ಕೂರುವ ಹೆಚ್ಚುವರಿ ಗೇರಾದ ಲೇಕಾಕ್ ಓವರ್‌ಡ್ರೈವ್ ಅದೇ ಆಯಿಲನ್ನು ಹಂಚಿಕೊಳ್ಳುತ್ತದೆ. ಅದಕ್ಕೆ ಆಕ್ಸಲ್ಲಿನ ಇಪಿ ಆಯಿಲ್ ಸುರಿಯಬಾರದು. ನಾಲ್ಕೂ ಗೇರಿಗೆ ಸಿಂಕ್ರೊ ಇರುವ, ಓವರ್‌ಡ್ರೈವ್ ಇರುವ ಬಾಕ್ಸಿಗೆ 3.4 ಲೀಟರ್. ಓವರ್‌ಡ್ರೈವ್ ಕೂರುತ್ತಿಲ್ಲವೆಂದರೆ ಆಯಿಲ್ ಮಟ್ಟ, ಸೊಲೆನಾಯ್ಡ್‌ಗೆ ಬರುವ ವೋಲ್ಟೇಜ್, ಗೇರ್‌ಬಾಕ್ಸ್ ಮೇಲಿನ ಸ್ವಿಚ್, ಫಿಲ್ಟರ್, ಈ ಕ್ರಮದಲ್ಲಿ ನೋಡಿ. ಬಹಳ ಸಲ ದೋಷ ವೈರಿನಲ್ಲೇ ಸಿಗುತ್ತದೆ.

ಕೂಲಿಂಗ್ ವ್ಯವಸ್ಥೆಯಲ್ಲಿ ರೇಡಿಯೇಟರಿಗಿಂತ ಬ್ಲಾಕಿನ ಹೂಳು ದೊಡ್ಡ ಶತ್ರು. ಅದು ಹಿಂದಿನ ಸಿಲಿಂಡರಿನ ಸುತ್ತ ಕೂಡುತ್ತದೆ. ಬ್ಲಾಕಿನ ಡ್ರೇನ್ ಟ್ಯಾಪನ್ನೇ ಬಿಚ್ಚಿ, ತಂತಿ ಹಾಕಿ ಕೆದಕಿ, ಶುದ್ಧ ನೀರು ಬರುವವರೆಗೆ ಪೈಪ್ ಹಿಡಿಯಿರಿ. ಥರ್ಮೊಸ್ಟಾಟ್ 82 ಡಿಗ್ರಿಯದು. ನೀಲಿ ಬಣ್ಣದ ಹಳೆಯ ಬಗೆಯ ಎಥಿಲೀನ್ ಗ್ಲೈಕಾಲ್ ಕೂಲಂಟ್ ಎರಡು ವರ್ಷಕ್ಕೊಮ್ಮೆ.

ಲೂಕಾಸ್ ವೈರಿಂಗ್

ಲೂಕಾಸ್ ಕಂಪನಿಯ ಈ ವೈರಿಂಗ್ ತನಗಿರುವಷ್ಟು ಕೆಟ್ಟ ಹೆಸರಿಗೆ ಅರ್ಹವಲ್ಲ. ಬಣ್ಣದ ಕ್ರಮ ಗೊತ್ತಿದ್ದರೆ ದೋಷ ಹುಡುಕುವುದು ಸುಲಭ: ಕಂದು ಸದಾ ಕರೆಂಟ್ ಇರುವ ತಂತಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ನೇರಳೆ ಫ್ಯೂಸ್ ದಾಟಿದ ಸದಾ ಕರೆಂಟ್, ಕಪ್ಪು ಅರ್ತ್. ಹಸಿರು ತಂತಿಯ ಮೇಲಿರುವ ಬ್ರೇಕ್ ಲೈಟ್, ಇಂಡಿಕೇಟರ್, ವೈಪರ್ ಒಟ್ಟಿಗೆ ಸತ್ತರೆ ಒಂದೇ ಫ್ಯೂಸ್ ಅಥವಾ ಅದರ ಹಿಡಿಕೆ ನೋಡಿದರೆ ಸಾಕು. ಬುಲೆಟ್ ಕನೆಕ್ಟರುಗಳ ಹಸಿರು ಕಿಲುಬು ತೆಗೆದು, ಅರ್ತ್ ಬಿಂದುಗಳನ್ನು ಹೊಳೆಯುವಂತೆ ಉಜ್ಜಿ, ವ್ಯಾಸಲೀನ್ ಸವರಿದರೆ ಮುಕ್ಕಾಲು ತೊಂದರೆ ಹೋಗುತ್ತದೆ. ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಎಂದಿದ್ದರೆ ಅದು ಸುಡುವ ಮಟ್ಟ. ನಿರಂತರ ಹೊರುವುದು 17 ಆಂಪ್. ನಿರಂತರ 35 ಹೊರುವ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಡುತ್ತದೆ. ಹೆಡ್‌ಲೈಟಿಗೆ ರಿಲೇ ಹಾಕುವುದು ಮೂಲ ಸ್ವಿಚ್ಚನ್ನು ಉಳಿಸುವ ಅಗ್ಗದ ದಾರಿ.

ಹಿಂದಿರುವ ಎಸ್‌ಯು ಪೆಟ್ರೋಲ್ ಪಂಪ್ ಕೀಲಿ ತಿರುಗಿಸಿದಾಗ ಟಕಟಕ ಎಂದು ಸದ್ದು ಮಾಡಿ, ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಒಳಗಿನ ಪಾಯಿಂಟ್ ಕಪ್ಪಾಗಿದೆ. ಪೆಟ್ರೋಲ್ ಹೋಸುಗಳನ್ನು ಎಥನಾಲ್ ತಡೆಯುವ ಆರ್9 ದರ್ಜೆಯವಕ್ಕೆ ಬದಲಿಸಿ. ಬ್ರಿಟನ್‌ನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್) ಆಗಿದೆ. ಸೂಪರ್ ದರ್ಜೆಯ ಇ5 ಈ ಕಾರಿಗೆ ಒಳ್ಳೆಯದು.

ಟ್ಯೂನಿಂಗ್: ಕಾರ್ಬುರೇಟರ್ ಕೊನೆಗೆ

ಮೊದಲು ಟ್ಯಾಪೆಟ್. ತಣ್ಣಗಿನ ಎಂಜಿನ್ನಿನಲ್ಲಿ 0.015 ಇಂಚು, ಅಂದರೆ 0.38 ಮಿ.ಮೀ. ಒಂಬತ್ತರ ಲೆಕ್ಕ ನೆನಪಿಡಿ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದನ್ನು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು ಹೊಂದಿಸಬೇಕು. ಯಾವಾಗಲೂ ಎರಡರ ಮೊತ್ತ 9. ಪ್ಲಗ್ ತೆಗೆದಿದ್ದರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ.

ನಂತರ ಇಗ್ನಿಷನ್. ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು, ಪ್ಲಗ್ ಗ್ಯಾಪ್ 0.025. ಫೈರಿಂಗ್ ಕ್ರಮ 1-3-4-2, ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ. ಹೊಸ ರೋಟರ್ ಆರ್ಮ್ ಕೊಳ್ಳುವಾಗ ಮೇಲೆ ರಿವೆಟ್ ಇಲ್ಲದ್ದನ್ನು ಆರಿಸಿ; ಕಳಪೆ ರಿವೆಟ್ ರೋಟರಿನಲ್ಲಿ ಕಿಡಿ ರಿವೆಟ್ ಮೂಲಕ ಶಾಫ್ಟಿಗೇ ಹಾರಿ ಎಂಜಿನ್ ದಿಢೀರನೆ ನಿಲ್ಲುತ್ತದೆ. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಹೀರಿ ನೋಡಿ, ಒಳಗಿನ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ಆರಂಭದ ಹೈ ಕಂಪ್ರೆಷನ್ ಎಂಜಿನ್ನುಗಳಿಗೆ ಟೈಮಿಂಗ್, ಎಂಜಿನ್ ನಿಂತಿದ್ದಾಗ, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 10 ಡಿಗ್ರಿ ಮುನ್ನ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಟೈಮಿಂಗ್ ಲೈಟ್‌ನಲ್ಲಿ ನೋಡಿದರೆ 600 ಆರ್‌ಪಿಎಂನಲ್ಲಿ 14 ಡಿಗ್ರಿ. 18ವಿ ಎಂಜಿನ್ನಿಗೆ ಅದರ ಸಂಖ್ಯೆಯ ಪ್ರಕಾರದ ಅಂಕಿ ಹಿಡಿಯಿರಿ. ಏರಿನಲ್ಲಿ ಕಿಣಿಕಿಣಿ ಸದ್ದು ಬಂದರೆ ಒಂದೆರಡು ಡಿಗ್ರಿ ಹಿಂದಕ್ಕೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಎಸ್‌ಯು ಕಾರ್ಬುರೇಟರ್ ಮುಟ್ಟಿ. ಎಚ್‌ಎಸ್4 ಜೋಡಿಗೆ ವಿಧಾನ ಹೀಗೆ:

1. ಏರ್ ಫಿಲ್ಟರ್ ತೆಗೆಯಿರಿ. ಡ್ಯಾಶ್‌ಪಾಟ್ ಬಿಚ್ಚಿ ಪಿಸ್ಟನ್ ಒರೆಸಿ. ಎತ್ತಿ ಬಿಟ್ಟರೆ ಟಕ್ ಎಂದು ಕೆಳಗೆ ಬೀಳಬೇಕು. ಮೇಲೆ ಎಸ್‌ಎಇ 20 ಎಣ್ಣೆ ತುಂಬಿ. ಡ್ಯಾಂಪರ್ ಮುಚ್ಚಳ ಕೂರಲು ಇನ್ನೂ 6 ಮಿ.ಮೀ. ಇರುವಾಗಲೇ ತಡೆ ಸಿಕ್ಕರೆ ಮಟ್ಟ ಸರಿ.

2. ಮಿಶ್ರಣದ ನಟ್ಟನ್ನು ಪೂರ್ತಿ ಮೇಲೇರಿಸಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ. ಎರಡರಲ್ಲೂ ಹೀಗೇ.

3. ಎರಡನ್ನೂ ಜೋಡಿಸುವ ಥ್ರಾಟಲ್ ಕಡ್ಡಿಯ ಕ್ಲ್ಯಾಂಪುಗಳನ್ನು ಸಡಿಲಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ ಹಿಡಿದು, ಎರಡರ ಸಿಳ್ಳೂ ಒಂದೇ ಆಗುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಗಾಳಿ ಅಳೆಯುವ ಮೀಟರ್ ಇದ್ದರೆ ಇನ್ನೂ ಖಚಿತ.

4. ಕೆಳಗಿನ ಪಿನ್ನಿನಿಂದ ಪಿಸ್ಟನ್ನನ್ನು 0.8 ಮಿ.ಮೀ. ಮಾತ್ರ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ನಟ್ಟು ಒಂದು ಮುಖ ಮೇಲಕ್ಕೆ. ವೇಗ ಕುಸಿದರೆ ಪೆಟ್ರೋಲ್ ಕಡಿಮೆ, ಒಂದು ಮುಖ ಕೆಳಕ್ಕೆ. ಕ್ಷಣಮಾತ್ರ ತುಸು ಏರಿ ಮೊದಲಿನಂತಾದರೆ ಸರಿ. ಒಂದನ್ನು ತಿರುಗಿಸಿದರೆ ಇನ್ನೊಂದು ಬದಲಾಗುತ್ತದೆ, ಆದ್ದರಿಂದ ಎರಡರ ನಡುವೆ ಓಡಾಡುತ್ತಲೇ ಇರಬೇಕು.

5. ಐಡ್ಲಿಂಗ್ ಸುಮಾರು 800ಕ್ಕೆ ತಂದು, ಗಾಳಿಯನ್ನು ಮತ್ತೊಮ್ಮೆ ಸರಿದೂಗಿಸಿ. ಎರಡೂ ಥ್ರಾಟಲ್ ಒಂದೇ ಕ್ಷಣಕ್ಕೆ ತೆರೆಯುವಂತೆ ಕ್ಲ್ಯಾಂಪ್ ಬಿಗಿಯಿರಿ. ಚೋಕ್ ಕಡ್ಡಿ ಕೊನೆಯಲ್ಲಿ.

ಎಷ್ಟು ತಿರುಗಿಸಿದರೂ ಹೊಂದದಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟಿನಲ್ಲಿ ಅಥವಾ ಸವೆದ ಥ್ರಾಟಲ್ ಸ್ಪಿಂಡಲಿನಲ್ಲಿ ಗಾಳಿ ನುಗ್ಗುತ್ತಿದೆ. ಸ್ಪಿಂಡಲ್ ತುದಿಗೆ ಬೆರಳಿನಿಂದ ಸ್ವಲ್ಪ ಗ್ರೀಸ್ ಸವರಿದಾಗ ಎಂಜಿನ್ ಸದ್ದು ಬದಲಾದರೆ ಅಲ್ಲೇ.

ಮೊದಲ 500 ಮೈಲಿ

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಒಂದೇ ವೇಗದಲ್ಲಿ ಎಳೆಯಬೇಡಿ, ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಿ ಒದ್ದಾಡಿಸಲೂ ಬೇಡಿ. ವೈರ್ ವೀಲ್ ಸ್ಪಿನ್ನರುಗಳನ್ನು ಮೊದಲ 50 ಮೈಲಿಗೇ ಇನ್ನೊಮ್ಮೆ ತಾಮ್ರದ ಸುತ್ತಿಗೆಯಿಂದ ಬಿಗಿಯಿರಿ. ಹಿಂದಿನ ಸ್ಪ್ರಿಂಗಿನ ಯು-ಬೋಲ್ಟ್, ಸ್ಟಿಯರಿಂಗ್, ಬ್ರೇಕ್ ಪೈಪಿನ ಸೇರುವೆ ಎಲ್ಲವನ್ನೂ ಅದೇ ದಿನ ಕೈಯಿಟ್ಟು ನೋಡಿ. ರೋಡ್‌ಸ್ಟರಿನ ರೇಡಿಯಲ್ ಟೈರಿಗೆ ಸಾಮಾನ್ಯ ಗಾಳಿ ಮುಂದೆ 21, ಹಿಂದೆ 24 ಪಿಎಸ್‌ಐ.

500 ಮೈಲಿಗೆ ಆಯಿಲ್, ಫಿಲ್ಟರ್ ಬದಲಿಸಿ. ತಣ್ಣಗಿನ ಎಂಜಿನ್ನಿನಲ್ಲಿ ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ 45ರಿಂದ 50 ಪೌಂಡ್-ಅಡಿಗೆ ಮತ್ತೆ ಬಿಗಿಯಿರಿ. ರಾಕರ್ ಶಾಫ್ಟನ್ನು ಹಿಡಿದಿರುವ ದೊಡ್ಡ ನಟ್ಟುಗಳು ಹೆಡ್ಡಿನ ಸ್ಟಡ್ಡುಗಳ ಮೇಲೇ ಇವೆ. ಅವನ್ನು ಬಿಚ್ಚಬೇಕಾದರೆ ಮೊದಲು ಕೂಲಂಟ್ ಇಳಿಸಿ, ಇಲ್ಲದಿದ್ದರೆ ಹೆಡ್ ತುಸು ಎದ್ದು ನೀರು ಸಿಲಿಂಡರಿಗೆ ಇಳಿಯಬಹುದು. ಬಿಗಿದಾದ ಮೇಲೆ ಟ್ಯಾಪೆಟ್ ಗ್ಯಾಪ್ ಖಂಡಿತ ಬದಲಾಗಿರುತ್ತದೆ. ಎಂಟನ್ನೂ ಮತ್ತೊಮ್ಮೆ 0.015ಕ್ಕೆ ತಂದು ರಾಕರ್ ಕವರ್ ಮುಚ್ಚಿ, ಅದರ ಕಾರ್ಕ್ ಗ್ಯಾಸ್ಕೆಟ್ ಹಿಸುಕಿ ಹೊರಬರುವಷ್ಟು ಬಿಗಿಯಬೇಡಿ.